ಮುಳುಗಿದ್ದು ಅವರ ಮನೆ, ಹತ್ತಿದ್ದು ನಮ್ಮ ದೀಪ!

ಕತ್ತಲಗೆರೆಯ ರೈತ ಬಂಧುಗಳೇ, ಅಕ್ಕ-ತಂಗಿಯರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಅಣ್ಣ-ತಮ್ಮಂದಿರೇ,

ಅವರನ್ನು ಕಾಡಿಗೆ ತಂದು ಇಳಿಸಿದ್ದು ಸರ್ಕಾರ! "ಕಾಡು ಒತ್ತುವರಿ ಮಾಡಿದ್ದೀರಿ, ಖಾಲಿ ಮಾಡಿ" ಅನ್ನುತ್ತಿರುವುದೂ ಸರ್ಕಾರ!

ಶರಾವತಿ ಮುಳುಗಡೆಯವರ ಮಾತು ಹೇಳುತ್ತಿದ್ದೇವೆ. ಅವರೇನು ದೂರದವರಲ್ಲ. ನ್ಯಾಮತಿ ದಾಟಿ ಸವಳಂಗಕ್ಕೆ ಹೋಗಿ. ಅಲ್ಲಿಂದ ಆಯನೂರು, ಕುಂಸಿ ಕಡೆ ತಿರುಗಿ. ಕಾಡಂಚಿನಲ್ಲಿ ಹೆಂಚಿನ ಮನೆಗಳು ಸಿಗುತ್ತವೆ. ಹಿತ್ತಲಲ್ಲಿ ನಾಲ್ಕು ಅಡಿಕೆ ಮರ, ಮುಂದೊಂದು ತುಂಡು ಗದ್ದೆ. ಜಗಲಿ ಮೇಲೆ ಕೂತ ಅಜ್ಜಿಯನ್ನು "ನಿಮ್ದು ಯಾವೂರಮ್ಮಾ?" ಅಂತ ಕೇಳಿ. ಆಕೆ ಹೇಳುವ ಊರಿಗೆ ಇವತ್ತು ಬಸ್ಸಿಲ್ಲ, ದಾರಿಯಿಲ್ಲ. ಅದು ಲಿಂಗನಮಕ್ಕಿ ನೀರಿನಡಿ ಇದೆ.

1997ರವರೆಗೆ ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗ ಜಿಲ್ಲೆಗೇ ಸೇರಿದ್ದವು. ಅವರಿಗೂ ನಮಗೂ ಒಬ್ಬನೇ ಡಿ.ಸಿ. ದಾವಣಗೆರೆ ಜಿಲ್ಲೆ ಆದ ಮೇಲೆ ನಕ್ಷೆ ಮೇಲೆ ಗೆರೆ ಬಿತ್ತು. ಗೆರೆ ಬಿತ್ತು ಅಂತ ನೆಂಟಸ್ತನ ಬಿಟ್ಟುಹೋಗುತ್ತದೆಯೇ?

ಇವತ್ತು ಸಂಜೆ ಮನೆಗೆ ಹೋಗಿ ಸ್ವಿಚ್ ಒತ್ತುತ್ತೀರಿ. ದೀಪ ಹತ್ತುತ್ತದೆ. ತೋಟಕ್ಕೆ ಹೋಗಿ ಮೋಟರ್ ಹಾಕುತ್ತೀರಿ. ತ್ರೀ ಫೇಸ್ ಇದ್ದರೆ ನೀರು ಬರುತ್ತದೆ. ಆ ಕರೆಂಟಿನ ಬೆಲೆಯನ್ನು ಯಾರು ತೆತ್ತರು? ಬೆಸ್ಕಾಂ ಬಿಲ್ಲಿನಲ್ಲಿ ಅದು ಬರೆದಿರುವುದಿಲ್ಲ. ನಾವು ಹೇಳುತ್ತೇವೆ, ಕೇಳಿ.

ಮೊದಲು ಬಂದದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ಜೋಗದಲ್ಲಿ ಕರೆಂಟು ಹುಟ್ಟಿತು. ಅಷ್ಟು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಎದ್ದು ನಿಂತಿತು. ಹಳೇ ಹಿರೇಭಾಸ್ಕರ ಅಣೆಕಟ್ಟನ್ನೇ ಹೊಸ ನೀರು ನುಂಗಿ ಹಾಕಿತು! ಅಣೆಕಟ್ಟೇ ಮುಳುಗಿದ ಮೇಲೆ ಮನೆ ಯಾವ ಲೆಕ್ಕ? ಸಾಗರ, ಹೊಸನಗರ ತಾಲ್ಲೂಕಿನ ಹಳ್ಳಿ ಹಳ್ಳಿಗಳೇ ಹೋದವು. ಗದ್ದೆ ಹೋಯಿತು. ಅಡಿಕೆ ತೋಟ ಹೋಯಿತು. ಚೌಡಿ ಬನ, ಭೂತನ ಕಟ್ಟೆ, ಅಪ್ಪ-ಅಮ್ಮನನ್ನು ಮಣ್ಣು ಮಾಡಿದ ಜಾಗ, ಎಲ್ಲವೂ ಹೋಯಿತು. ಇತ್ತ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರ ತಿರುಗಿದವು. 1,035 ಮೆಗಾವಾಟ್! ನಾಡು ಬೆಳಗಿತು.

ಅವರ ಮನೆ ಮುಂದೆ ಲಾರಿ ಬಂದು ನಿಂತಿತು. ಪಾತ್ರೆ-ಪಗಡೆ, ಒನಕೆ, ನೇಗಿಲು, ದನ-ಕರು, ಹಸುಗೂಸು, ಎಲ್ಲವನ್ನೂ ಹೇರಿಕೊಂಡರು. ಕಾಡಿನ ನಡುವೆ ಇಳಿಸಿದರು. "ಇದೇ ನಿಮ್ಮ ಜಾಗ, ಕಡಿದುಕೊಂಡು ಬದುಕಿ" ಅಂದರು. ಲಾರಿ ವಾಪಸ್ ಹೋಯಿತು.

ಯೋಚನೆ ಮಾಡಿ ಅಕ್ಕಾ. ಮಳೆಗಾಲ. ತಲೆ ಮೇಲೆ ಸೂರಿಲ್ಲ. ಮಲೇರಿಯಾ ಜ್ವರ. ಸುತ್ತ ಹಂದಿ, ಆನೆ, ಹುಲಿ. ಒಲೆ ಹೂಡುವುದಕ್ಕೂ ಮೊದಲು ಮರ ಕಡಿಯಬೇಕು. ನಿಮ್ಮನ್ನು ನಿಮ್ಮ ಮಕ್ಕಳ ಜೊತೆ ಹಾಗೆ ಇಳಿಸಿದ್ದರೆ ಏನು ಮಾಡುತ್ತಿದ್ದಿರಿ? ಅವರು ಬದುಕಿದರು. ಬೇರು ಕಿತ್ತರು, ಬದು ಹಾಕಿದರು, ಗದ್ದೆ ಮಾಡಿದರು. ಅರವತ್ತು ವರ್ಷ ಬೆವರು ಸುರಿಸಿದರು. ಇವತ್ತು ಅವರ ಮೊಮ್ಮಕ್ಕಳ ಹೆಸರಿನ ಮುಂದೆ ಇಲಾಖೆ ಬರೆಯುವುದು ಒಂದೇ: ಅರಣ್ಯ ಒತ್ತುವರಿದಾರ!

ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಗೇಣಿದಾರರು. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಧಣಿಗಳ ವಿರುದ್ಧ ಎದ್ದರು. ಎಚ್. ಗಣಪತಿಯಪ್ಪ ಸಂಘಟನೆ ಕಟ್ಟಿದರು. ಸಮಾಜವಾದಿ ನಾಯಕ ಲೋಹಿಯಾ ಬಂದು ಜೈಲಿಗೆ ಹೋದರು. ಉಳುವವನಿಗೇ ಭೂಮಿ ಅಂತ ನಮ್ಮ ರಾಜ್ಯದಲ್ಲಿ ಗಟ್ಟಿ ಕಾನೂನು ಬಂದದ್ದು ಯಾವಾಗ? 1974ರಲ್ಲಿ! ಲಿಂಗನಮಕ್ಕಿ ತುಂಬಿ ಹತ್ತು ವರ್ಷ ಆದ ಮೇಲೆ! ನೀರು ಬಂದಾಗ ಜಮೀನು ಧಣಿಯ ಹೆಸರಿನಲ್ಲಿತ್ತು. ಹೆಸರಿದ್ದವನಿಗೆ ಪರಿಹಾರ. ಉತ್ತವನಿಗೆ ಲಾರಿ. ಹತ್ತು ವರ್ಷ ತಡವಾಗಿ ನೀರು ಬಂದಿದ್ದರೆ ಅವರೂ ನಿಮ್ಮ ಹಾಗೆ, ನಮ್ಮ ಹಾಗೆ ಭೂಮಾಲೀಕರಾಗಿರುತ್ತಿದ್ದರು.

ಈಗ ಕಾಗದದ ಕಥೆ ಕೇಳಿ. ಕೇಳಿದರೆ ಹೊಟ್ಟೆ ಉರಿಯುತ್ತದೆ.

1958ರಿಂದ 1969ರವರೆಗೆ ಸರ್ಕಾರ ಮುಳುಗಡೆಯವರಿಗಾಗಿ ಶಿವಮೊಗ್ಗ ಜಿಲ್ಲೆಯಲ್ಲಿ ಒಂಬತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಬಿಡುಗಡೆ ಮಾಡಿತು. ಆದೇಶ ಬರೆಯಿತು. ಜನರನ್ನು ತಂದು ಬಿಟ್ಟಿತು. ಆದರೆ ಆ ಜಮೀನನ್ನು ಅರಣ್ಯದ ಲೆಕ್ಕದಿಂದ ತೆಗೆದು ಕಂದಾಯದ ಲೆಕ್ಕಕ್ಕೆ ಹಾಕುವ ಕೆಲಸವನ್ನು ಮುಗಿಸಲೇ ಇಲ್ಲ! ಯಾರೋ ಒಬ್ಬ ಗುಮಾಸ್ತ ಮರೆತ ಅನ್ನೋಣವೇ? ಹತ್ತಿಪ್ಪತ್ತು ವರ್ಷ, ಅಷ್ಟೂ ಕಚೇರಿಗಳು ಮರೆತವು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ದೆಹಲಿಯ ಅನುಮತಿ ಇಲ್ಲದೆ ಒಂದು ಗುಂಟೆ ಕಾಡನ್ನೂ ಬಿಡುವಂತಿಲ್ಲ.

ಸರಿ, ದೆಹಲಿಗೆ ಬರೆದರೇ? ಇಲ್ಲ! 1994ರಿಂದ 2017ರವರೆಗೆ ಬೆಂಗಳೂರಿನಲ್ಲೇ ಕೂತು ಡಿನೋಟಿಫಿಕೇಶನ್ ಆದೇಶ ಹೊರಡಿಸಿದರು. ಚುನಾವಣೆ ಬಂದಾಗ ವೇದಿಕೆ ಕಟ್ಟಿ ಹಕ್ಕುಪತ್ರ ಹಂಚಿದರು, ಫೋಟೋ ತೆಗೆಸಿಕೊಂಡರು. 2021ರಲ್ಲಿ ಹೈಕೋರ್ಟ್ ಕೇಳಿತು: ಕೇಂದ್ರದ ಅನುಮತಿ ಎಲ್ಲಿ? ಅನುಮತಿ ಇರಲಿಲ್ಲ. ಆದೇಶ ಬಿದ್ದುಹೋಯಿತು. ಮರುವರ್ಷ ಸರ್ಕಾರ ಉಳಿದ ಆದೇಶಗಳನ್ನೂ ತಾನೇ ಹಿಂದಕ್ಕೆ ತೆಗೆದುಕೊಂಡಿತು. ಹಕ್ಕುಪತ್ರ ಹಿಡಿದು ನಿಂತವರ ಕೈಯಲ್ಲಿ ಉಳಿದದ್ದು ಬರೀ ಕಾಗದ.

ಕೋರ್ಟನ್ನು ಬೈಯುವುದಕ್ಕೆ ಈ ಕರಪತ್ರ ಅಚ್ಚು ಹಾಕಿಸಿಲ್ಲ. ಕೋರ್ಟು ಕಾನೂನು ನೋಡಿತು. ತಪ್ಪು ಮಾಡಿದವರು ಅರ್ಜಿ ಕಳಿಸಬೇಕಾದಲ್ಲಿಗೆ ಕಳಿಸದೆ ಜನರಿಗೆ ಕಾಗದದ ಆಸೆ ತೋರಿಸಿದವರು. ಎಲ್ಲ ಪಕ್ಷದವರೂ ಆ ಕುರ್ಚಿಯಲ್ಲಿ ಕೂತು ಎದ್ದಿದ್ದಾರೆ. ಇವತ್ತು ಅವರೇ ಮುಳುಗಡೆಯವರ ಪರ ಪಾದಯಾತ್ರೆ ಮಾಡುತ್ತಾರೆ, ಕಣ್ಣೀರು ಹಾಕುತ್ತಾರೆ. ಮಗು ಚಿವುಟಿ ತೊಟ್ಟಿಲು ತೂಗುವುದು ಅಂದರೆ ಇದೇ ಅಲ್ಲವೇ?

ಇನ್ನೊಂದು ಕಾನೂನಿದೆ. 2006ರ ಅರಣ್ಯ ಹಕ್ಕು ಕಾಯ್ದೆ. ಅದರಲ್ಲಿ ಹಕ್ಕು ಸಿಗುತ್ತದೆ ಅಂತ ಇವರೂ ಅರ್ಜಿ ಹಾಕಿದರು. ಬುಡಕಟ್ಟಿನವರಲ್ಲದಿದ್ದರೆ ಅಲ್ಲಿ ಒಂದು ಷರತ್ತು: 2005ಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ ಹಿಂದಿನಿಂದ ಆ ಕಾಡಿನಲ್ಲಿ ಇದ್ದೆವು ಅಂತ ತೋರಿಸಬೇಕು. ಲೆಕ್ಕ ಹಾಕಿ. 1930! ಸ್ವಾಮೀ, ಇವರನ್ನು ಆ ಕಾಡಿಗೆ ತಂದು ಹಾಕಿದ್ದೇ 1960ರ ಆಸುಪಾಸಿನಲ್ಲಿ! 1930ರಲ್ಲಿ ಇವರ ಅಜ್ಜ ಶರಾವತಿ ದಂಡೆಯಲ್ಲಿ ಭತ್ತ ನೆಡುತ್ತಿದ್ದ. ಆ ದಾಖಲೆ ಬೇಕಾದರೆ ನೀರಿಗಿಳಿದು ಹುಡುಕಬೇಕು.

ಹಕ್ಕಿಲ್ಲದೆ ಬದುಕುವುದು ಹೇಗೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಸೊಸೈಟಿ ಸಾಲವಿಲ್ಲ. ಬೆಳೆ ವಿಮೆ ಇಲ್ಲ. ಅಡಿಕೆಗೆ ಕೊಳೆ ಬಂದರೆ ಪರಿಹಾರವಿಲ್ಲ. ಮನೆ ಬಿದ್ದರೆ ಕಟ್ಟಿಕೊಳ್ಳಲು ಅರಣ್ಯದವರು ಬಿಡುವುದಿಲ್ಲ. ಅಣ್ಣ-ತಮ್ಮ ಪಾಲಾಗುವಂತಿಲ್ಲ, ಪಾಲು ಮಾಡಲು ಕಾಗದವೇ ಇಲ್ಲ. ಹುಡುಗನಿಗೆ ಹೆಣ್ಣು ಕೇಳಲು ಹೋದರೆ "ಜಮೀನು ಯಾರ ಹೆಸರಲ್ಲಿದೆ?" ಅಂತಾರೆ. ತಲೆ ಬಗ್ಗಿಸಿ ಎದ್ದು ಬರಬೇಕು. ಭೂಕಬಳಿಕೆ ಕಾನೂನು ಬಂದ ಮೇಲೆ ಎಕರೆ, ಎರಡೆಕರೆ ಉಳುವ ಮಲೆನಾಡಿನ ರೈತರಿಗೂ ಬೆಂಗಳೂರಿನ ವಿಶೇಷ ಕೋರ್ಟಿನಿಂದ ಸಮನ್ಸ್ ಬಂತು. ರಾತ್ರಿ ಬಸ್ಸು ಹತ್ತಬೇಕು, ಬೆಳಿಗ್ಗೆ ಕಟಕಟೆಯಲ್ಲಿ ನಿಲ್ಲಬೇಕು. ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು, ವಕೀಲರ ಫೀಸು ಹೋಯಿತು. ಮಾನವೂ ಹೋಯಿತು.

ಶೆಟ್ಟಿಹಳ್ಳಿ, ಚಿತ್ರಶೆಟ್ಟಿಹಳ್ಳಿ ಹೆಸರು ಕೇಳಿದ್ದೀರಾ? ಶಿವಮೊಗ್ಗ ಪೇಟೆಗೆ ಹತ್ತಿರದಲ್ಲೇ ಇವೆ. ಅಲ್ಲಿಯೂ ಮುಳುಗಡೆಯವರಿದ್ದಾರೆ. 1974ರಲ್ಲಿ ಆ ಕಾಡನ್ನು ಅಭಯಾರಣ್ಯ ಅಂತ ಘೋಷಿಸಿದರು. ಅಲ್ಲಿಗೆ ಕಂಬ ನೆಡುವಂತಿಲ್ಲ, ತಂತಿ ಎಳೆಯುವಂತಿಲ್ಲ ಅಂದರು. ನಾಡಿಗೆ ಬೆಳಕು ಕೊಡಲು ಮನೆ ಕಳೆದುಕೊಂಡವರು ದಶಕಗಟ್ಟಲೆ ಚಿಮಣಿ ಬುಡ್ಡಿ ಹಚ್ಚಿಕೊಂಡು ಕೂತರು! ಅವರ ಮಕ್ಕಳು ಆ ಬುಡ್ಡಿ ಬೆಳಕಿನಲ್ಲಿ ಓದಿ ಎಸ್ಸೆಸ್ಸೆಲ್ಸಿ ಬರೆದವು.

ಊರು ಬಿಡದೆ ಉಳಿದವರ ಗತಿಯೂ ಅಷ್ಟೇ. ತುಮರಿ, ಬ್ಯಾಕೋಡು ಕಡೆಯವರನ್ನು ನೀರು ಸುತ್ತುವರಿದು ದ್ವೀಪ ಮಾಡಿತು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಸಂಜೆಯಾದರೆ ಲಾಂಚ್ ಬಂದ್. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಹೆರಿಗೆ ನೋವು ಲಾಂಚಿನ ಟೈಮು ನೋಡಿಕೊಂಡು ಬರುತ್ತದೆಯೇ? ಹಾವು ಟೈಮು ನೋಡಿ ಕಚ್ಚುತ್ತದೆಯೇ? ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ಕ್ಕೆ. 1964 ಎಲ್ಲಿ, 2025 ಎಲ್ಲಿ! ಅಣೆಕಟ್ಟಿಗೆ ಅವಸರವಿತ್ತು. ಸೇತುವೆಗೆ 61 ವರ್ಷ!

ಮಳೆ ಕೈಕೊಟ್ಟ ವರ್ಷ ಲಿಂಗನಮಕ್ಕಿ ನೀರು ತಳ ಕಾಣುತ್ತದೆ. ಹಳೇ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. ಪೇಟೆಯವರು ಕಾರಿನಲ್ಲಿ ಬಂದು ಸೆಲ್ಫಿ ತೆಗೆಯುತ್ತಾರೆ. ಮುಳುಗಡೆಯ ಮುದುಕರೂ ಹೋಗುತ್ತಾರೆ. ಅವರು ಮನೆಯ ಬುನಾದಿ ಹುಡುಕುತ್ತಾರೆ.

ಬಂಧುಗಳೇ, ಇಷ್ಟು ಕೇಳಿದ ಮೇಲೂ ನಿಮ್ಮಲ್ಲಿ ಒಬ್ಬರು ಹೇಳಬಹುದು: ಊರ ಉಸಾಬರಿ ನಮಗ್ಯಾಕೆ? ನಮ್ಮ ತಾಪತ್ರಯವೇ ನಮಗೆ ಸಾಕಾಗಿದೆ.

ಇದು ನಿಮ್ಮದೇ ತಾಪತ್ರಯ ಅಣ್ಣಾ! ನಮ್ಮಲ್ಲಿ ಎಷ್ಟು ಜನ ಬಗರ್‌ಹುಕುಂ ಉಳುತ್ತಿದ್ದೇವೆ? ನಮೂನೆ 50 ಹಾಕಿದೆವು. 53 ಹಾಕಿದೆವು. 57 ಹಾಕಿದೆವು. ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದೆವು. ಪೆಟ್ಟಿಗೆ ತೆಗೆದು ನೋಡಿ, ಅದರಲ್ಲಿ ಏನಿದೆ? ಒಂದು ಸ್ವೀಕೃತಿ ಚೀಟಿ. ಸರ್ಕಾರದ್ದೇ ಆದೇಶ ಹಿಡಿದು ಅರವತ್ತು ವರ್ಷ ಉತ್ತವರನ್ನೇ ಎಬ್ಬಿಸಬಹುದಾದರೆ, ಬರೀ ಸ್ವೀಕೃತಿ ಚೀಟಿ ಹಿಡಿದು ಕೂತ ನಮ್ಮ ಗತಿ ಏನು?

ಜಗಳೂರಿನವರಿಗೆ ಇನ್ನೂ ಚೆನ್ನಾಗಿ ಗೊತ್ತು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂತ ಓದಿದರು. ಚಪ್ಪಾಳೆ ಹೊಡೆದೆವು. ಮಾತು ಕೇಳಿ ಕೆರೆ ತುಂಬಿತೇ?

ನಾವೂ ಅಣೆಕಟ್ಟಿನ ಮಕ್ಕಳೇ. ಕತ್ತಲಗೆರೆಯ ಭತ್ತ, ಚನ್ನಗಿರಿಯ ಅಡಿಕೆ ನಿಂತಿರುವುದು ಭದ್ರಾ ನಾಲೆಯ ಮೇಲೆ. ಆ ನೀರು ನಿಲ್ಲಲು ಲಕ್ಕವಳ್ಳಿಯ ಹಿಂದೆ, ನರಸಿಂಹರಾಜಪುರದ ಕಡೆ ಬೇರೆ ಯಾರದೋ ಗದ್ದೆ ಮುಳುಗಿತು. ನಮ್ಮ ಅನ್ನದ ತಟ್ಟೆಯಲ್ಲಿ ಅವರ ಪಾಲಿದೆ. 2025ರ ಜೂನ್‌ನಲ್ಲಿ ಬಲದಂಡೆ ನಾಲೆ ಸೀಳುತ್ತಾರೆ ಅಂದಾಗ ನಾವು ಮನೆಯಲ್ಲಿ ಕೂರಲಿಲ್ಲ. ಬೀದಿಗಿಳಿದೆವು. ನಮ್ಮ ನೀರಿಗೆ ಇಳಿದ ಬೀದಿಗೆ ನಮಗೆ ಬೆಳಕು ಕೊಟ್ಟವರಿಗಾಗಿ ಇಳಿಯುವುದಿಲ್ಲವೇ?

ನಮ್ಮ ಸೂಳೆಕೆರೆ ಕಥೆ ನಿಮಗೆಲ್ಲ ಗೊತ್ತು. ಸ್ವರ್ಗಾವತಿ ಪಟ್ಟಣ ಆ ನೀರಿನಡಿ ಇದೆ ಅಂತ ಅಜ್ಜಿಯರು ಹೇಳುತ್ತಿದ್ದರು. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸುವಾಗ ಆ ಜಾಗದಲ್ಲಿ ಮನೆ ಇದ್ದ ಹೆಂಗಸರು ಒಂದು ಷರತ್ತು ಹಾಕಿದರಂತೆ: ಜಾಗ ಬಿಡುತ್ತೇವೆ, ಕೆರೆಗೆ ನಮ್ಮ ಹೆಸರಿಡಿ. ಶಾಂತವ್ವ ಒಪ್ಪಿದಳಂತೆ. ಮುಂದೆ ಶಾಂತಿಸಾಗರ ಅಂತ ಬೋರ್ಡು ಬರೆಸಿದರೂ ಜನ ಆ ಮಾತು ಉಳಿಸಿಕೊಂಡು ಬಂದಿದ್ದಾರೆ. ಅದು ಕಥೆಯೇ ಇರಲಿ. ಎಬ್ಬಿಸುವ ಮೊದಲು ಒಂದು ಮಾತು ಕೇಳಿದರು, ಕೊಟ್ಟ ಮಾತು ನಡೆಸಿದರು ಅನ್ನುವ ಮರ್ಯಾದೆ ಕಥೆಯಲ್ಲಾದರೂ ಇದೆ! ಲಿಂಗನಮಕ್ಕಿಯವರಿಗೆ ಅದೂ ಸಿಗಲಿಲ್ಲ.

ದೂರದ ಟರ್ಕಿ ದೇಶದ ಮಾತೂ ಕೇಳಿ. ಟೈಗ್ರಿಸ್ ನದಿ ದಂಡೆಯಲ್ಲಿ ಹಸನ್‌ಕೇಫ್ ಅಂತ ಸಾವಿರಾರು ವರ್ಷದ ಊರು. ಇಲಿಸು ಅಣೆಕಟ್ಟಿಗಾಗಿ 2020ರ ಹೊತ್ತಿಗೆ ಮುಳುಗಿಸಿದರು. ಜನ ಎಷ್ಟು ಕೂಗಿದರೂ ಬಿಡಲಿಲ್ಲ. ಆದರೆ ಅದಕ್ಕೂ ಮೊದಲು, 2017ರಲ್ಲಿ, ಝೇನೆಲ್ ಬೇ ಎಂಬ ರಾಜಕುಮಾರನ ಗೋರಿಯನ್ನು ಬುಡಸಮೇತ ಎತ್ತಿ, ಚಕ್ರದ ಗಾಡಿ ಮೇಲಿಟ್ಟು, ಒಂದು ಬಿರುಕು ಬಿಡದ ಹಾಗೆ ಬೇರೆ ಕಡೆ ಸಾಗಿಸಿದರು. ಸಾವಿರ ಟನ್ ಭಾರ! ಸತ್ತು ಐನೂರು ವರ್ಷ ಆದವನಿಗೆ ಅಷ್ಟು ಜೋಪಾನ. ಬದುಕಿದ್ದವರಿಗೆ ಗಂಟು ಕಟ್ಟಿ ಅಂದರು. ಎಲ್ಲ ದೇಶದ ಸರ್ಕಾರಗಳೂ ಒಂದೇ ಶಾಲೆಯಲ್ಲಿ ಕಲಿತಿರಬೇಕು!

ಇನ್ನು ಕೆಲವರು ಕೇಳುತ್ತಾರೆ: ಹಾಗಾದರೆ ಕಾಡು ಉಳಿಯಬೇಡವೇ? ಉಳಿಯಬೇಕು! ಕಾಡು ಹೋದರೆ ಭದ್ರೆಗೂ ನೀರಿಲ್ಲ, ತುಂಗೆಗೂ ನೀರಿಲ್ಲ, ನಮ್ಮ ನಾಲೆಗೂ ನೀರಿಲ್ಲ. ಆದರೆ ಲೆಕ್ಕ ಸರಿಯಾಗಿ ಹಾಕಿ. ಲಿಂಗನಮಕ್ಕಿ ಹಿನ್ನೀರು ಹರಡಿದ್ದು ಸುಮಾರು 300 ಚದರ ಕಿಲೋಮೀಟರ್. ಎಕರೆ ಲೆಕ್ಕದಲ್ಲಿ 70 ಸಾವಿರ ದಾಟುತ್ತದೆ. ಅದರಲ್ಲಿ ಎಷ್ಟು ಕಾಡು ಮುಳುಗಿತು! ಅದನ್ನು ಮುಳುಗಿಸಿದವರಿಗೆ ಯಾವ ನೋಟಿಸೂ ಹೋಗಲಿಲ್ಲ. ಒಂಬತ್ತು ಸಾವಿರ ಎಕರೆಯಲ್ಲಿ ಗಂಜಿ ಕಾಣುತ್ತಿರುವವರಿಗೆ ಮಾತ್ರ ಕಾಡಿನ ಪಾಠ!

ಒಂದು ಮಾತು ನಾವೇ ಹೇಳಿಬಿಡುತ್ತೇವೆ. ಮುಳುಗಡೆಯವರ ಹೆಸರು ಹೇಳಿಕೊಂಡು ಕಾಡಿಗೆ ಬೇಲಿ ಹಾಕಿದ ದೊಡ್ಡ ಕುಳಗಳೂ ಇರಬಹುದು. ಅವರನ್ನು ಬಿಡಿ ಅಂತ ನಾವು ಕೇಳುತ್ತಿಲ್ಲ. ಸರಿಯಾಗಿ ಸರ್ವೆ ಮಾಡಿ! ಯಾರು ಲಾರಿಯಲ್ಲಿ ಬಂದವರು, ಯಾರು ಜೀಪಿನಲ್ಲಿ ಬಂದವರು ಅಂತ ಹಳೇ ಆದೇಶದ ಪಟ್ಟಿಯೇ ಹೇಳುತ್ತದೆ.

ಮನಸ್ಸಿದ್ದರೆ ಆಗುತ್ತದೆ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳನ್ನು 2001-02ರ ಸುಮಾರಿಗೆ ಹೊರಗೆ ತಂದರಲ್ಲ, ಅವರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೀರಾವರಿ ಜಮೀನು ಕೊಟ್ಟರು. ಶಾಲೆ ಬಂತು, ರಸ್ತೆ ಬಂತು. ಆ ಕೆಲಸ ನೋಡಿ ದೇಶದವರೇ ಹೊಗಳಿದರು. ಇದೇ ರಾಜ್ಯ, ಇದೇ ಇಲಾಖೆ! ಅಲ್ಲಿ ಆದದ್ದು ಇಲ್ಲಿ ಯಾಕೆ ಆಗುವುದಿಲ್ಲ?

ದೆಹಲಿಗೆ ಕಡತ ಕಳಿಸುವುದು ಕಷ್ಟ ಅನ್ನುತ್ತಾರೆ. ಅದೇ ಶರಾವತಿ ಕಣಿವೆಯಲ್ಲಿ ಈಗ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರುತ್ತಿದ್ದಾರೆ. ಅದಕ್ಕೂ ಕಾಡು ಬೇಕು. ಅದರ ಕಡತ ಓಡಿಕೊಂಡು ದೆಹಲಿಗೆ ಹೋಯಿತು! ಅದಕ್ಕೆ ದಾರಿ ಗೊತ್ತು. ಬಡವರ ಕಡತಕ್ಕೆ ಮಾತ್ರ ದಾರಿ ಗೊತ್ತಿಲ್ಲ.

1980ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ರೈತಸಂಘ ಹುಟ್ಟಿದಾಗ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಮುಂದೆ ನಿಂತಿದ್ದರು. ಹಿಂದೆ ನಿಂತವರಲ್ಲಿ ನಮ್ಮ ಅಪ್ಪಂದಿರೂ ಇದ್ದರು. ಆ ಹಸಿರು ಟವೆಲ್ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಹೆಗಲಿಗೆ ಹಾಕಿಕೊಳ್ಳಿ!

ಏನು ಮಾಡಬೇಕು ಅಂತ ಕೇಳುತ್ತೀರಾ? ದೊಡ್ಡ ಕೆಲಸವೇನಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು ಅಂತ ಪಂಚಾಯತ್ ರಾಜ್ ಕಾನೂನು ಹೇಳುತ್ತದೆ. ಬರುವ ಗ್ರಾಮಸಭೆಗೆ ಮನೆಮಂದಿಯೆಲ್ಲ ಬನ್ನಿ. ಹೆಂಗಸರು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಚರಂಡಿ, ಬೀದಿ ದೀಪದ ವಿಷಯ ಮುಗಿದ ಕೂಡಲೇ ಏಳಬೇಡಿ, ಟೀ ಕೊಟ್ಟರೂ ಏಳಬೇಡಿ! ಶರಾವತಿ ಮುಳುಗಡೆಯವರ ಪರ ಠರಾವು ಬರೆಸಿ. ಕಂದಾಯ ಮತ್ತು ಅರಣ್ಯ ಇಲಾಖೆ ಒಟ್ಟಿಗೆ ನಿಂತು ಸರ್ವೆ ಮುಗಿಸಲಿ. 1958ರಿಂದ 1969ರವರೆಗಿನ ಆದೇಶಗಳ ಪ್ರಕಾರ ಒಂದೇ ಪ್ರಸ್ತಾವ ಮಾಡಿ ಕೇಂದ್ರದ ಅನುಮತಿ ತರಲಿ. ಅನುಮತಿ ಬರುವವರೆಗೆ ಒಂದು ಮನೆಯನ್ನೂ ಎಬ್ಬಿಸಬಾರದು, ಒಂದು ಮರಕ್ಕೂ ಕೊಡಲಿ ಹಾಕಬಾರದು, ಮುಳುಗಡೆಯವರ ಮೇಲಿನ ಕೇಸು ವಾಪಸ್ ಆಗಬೇಕು. ಅನುಮತಿ ಬಂದ ದಿನವೇ ಪಹಣಿಯಲ್ಲಿ ಹೆಸರು ಕೂರಬೇಕು, ಗಂಡ-ಹೆಂಡತಿ ಇಬ್ಬರ ಹೆಸರೂ! ಅದೇ ಠರಾವಿನಲ್ಲಿ ನಮ್ಮ ಬಗರ್‌ಹುಕುಂ ಅರ್ಜಿಗಳ ವಿಲೇವಾರಿಯನ್ನೂ ಸೇರಿಸಿ.

"ಇದು ನಮ್ಮ ಪಂಚಾಯ್ತಿ ವಿಷಯ ಅಲ್ಲ" ಅಂತ ಯಾರಾದರೂ ಅಂದರೆ, ಆ ಕೊಠಡಿಯಲ್ಲಿ ತಿರುಗುತ್ತಿರುವ ಫ್ಯಾನು ತೋರಿಸಿ.

ಕೋರಂ ಇಲ್ಲ ಅಂತ ಸಭೆ ಮುಂದೂಡಲು ಬಿಡಬೇಡಿ. ಠರಾವನ್ನು ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ನಕಲು ತೆಗೆದುಕೊಂಡು ಚನ್ನಗಿರಿ ತಾಲ್ಲೂಕು ಕಚೇರಿಗೆ, ದಾವಣಗೆರೆ ಡಿ.ಸಿ.ಗೆ, ಮುಖ್ಯಮಂತ್ರಿಗೆ ಕೊಡಿ. ಶಾಸಕರ ಕೈಗೂ, ಸಂಸದರ ಕೈಗೂ ಕೊಡಿ. ಪ್ರತಿ ಕಡೆಯೂ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಬಸವಾಪಟ್ಟಣ, ಸಂತೆಬೆನ್ನೂರು, ಹೊನ್ನಾಳಿ, ನ್ಯಾಮತಿ, ಜಗಳೂರಿನ ನೆಂಟರಿಗೆ ಫೋನು ಮಾಡಿ, ಅವರ ಪಂಚಾಯ್ತಿಯಲ್ಲೂ ಇದೇ ಠರಾವು ಬರೆಸಲಿ. ಈ ಕರಪತ್ರ ಓದಿ ಮಡಚಿ ಇಡಬೇಡಿ, ಪಕ್ಕದ ಮನೆಗೆ ಕೊಡಿ. ಗ್ರಾಮಸಭೆಯ ನೋಟಿಸ್ ಪಂಚಾಯ್ತಿ ಗೋಡೆಗೆ ಬೀಳುತ್ತದೆ. ದಿನಾ ನೋಡುತ್ತಿರಿ. ಬಿದ್ದ ದಿನವೇ ಡಂಗುರ ಹೊಡೆಸುತ್ತೇವೆ. ಎಲ್ಲರೂ ಬನ್ನಿ!

ಇಂತಿ,
ಕತ್ತಲಗೆರೆ ನಾಲೆ ಬಯಲಿನ ರೈತರು